ಕೆಂಪೂ ಅಲ್ಲ, ಪಚ್ಚೆಯೂ ಅಲ್ಲ ಎನಿಸಿಕೊಂಡ ಓಲೆ

ಮಕ್ಕಳೇ, ನನ್ನ ಬೆಂಡೋಲೆಯ ವಿಷಯದಲ್ಲಿ ನಿಮ್ಮ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದಾರೆ ಎಂದು ನನಗೆ ಗೊತ್ತು. ಅಜ್ಜಿಗೆ ಅರುಳುಮರುಳು ಎಂದು ಒಬ್ಬರು, ಅಜ್ಜಿಯ ಪೆಟ್ಟಿಗೆಯಲ್ಲಿ ಭಾರಿ ರತ್ನ ಸಿಕ್ಕಿತು ಎಂದು ಇನ್ನೊಬ್ಬರು. ಎರಡೂ ಸುಳ್ಳು. ಕೂರಿಸಿಕೊಂಡು ಹೇಳೋಣವೆಂದರೆ ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಹೊರಟರೂ ನಾನು ಅರ್ಧಕ್ಕೆ ಬರುವಷ್ಟರಲ್ಲಿ ಬೇರೆ ಯಾರಾದರೂ ಅದನ್ನು ಮುಗಿಸಿಬಿಟ್ಟಿರುತ್ತಾರೆ. ಬರೆಯುವಾಗ ಆ ಕಾಟ ಇಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಓಲೆ ಎಂಥದ್ದು ಎಂದು ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಯಾರೂ ಅದನ್ನು ಸರಿಯಾಗಿ ನೋಡಿದವರಲ್ಲ. ಏಳು ಕಲ್ಲಿನ ಬೆಂಡೋಲೆ. ನಡುವೆ ದೊಡ್ಡದೊಂದು, ಸುತ್ತ ಸಣ್ಣವು ಆರು. ಎಲ್ಲರ ಬೆಂಡೋಲೆಯಲ್ಲೂ ಏಳೂ ಕಲ್ಲು ಒಂದೇ ಬಣ್ಣ, ಬಿಳಿ ಇಲ್ಲವೇ ಕೆಂಪು. ನನ್ನವು ಹಾಗಲ್ಲ, ಎರಡೂ ಓಲೆ ಸೇರಿ ಹದಿನಾಲ್ಕು ಕಲ್ಲು, ಸುತ್ತಲಿನ ಒಂದೂ ಇನ್ನೊಂದರ ಹಾಗಿಲ್ಲ. ಒಂದು ವೀಳ್ಯದೆಲೆಯ ಹಸಿರು, ಒಂದು ಈರುಳ್ಳಿ ಸಿಪ್ಪೆಯ ಬಣ್ಣ, ಒಂದು ಜೇನು, ಒಂದು ಸೋಸಿದ ಕಾಫಿ ಕಷಾಯ, ಒಂದಕ್ಕಂತೂ ಕೆರೆಯ ನೀರಿನ ಬಣ್ಣ. ಎರಡೂ ಓಲೆಗಳ ನಡುವಿನ ದೊಡ್ಡ ಕಲ್ಲುಗಳು ಇನ್ನೂ ವಿಚಿತ್ರ. ಅರ್ಧ ಸೀಬೆಹಣ್ಣಿನ ತಿರುಳಿನ ಹಾಗೆ ಗುಲಾಬಿ, ಅರ್ಧ ಎಳೆ ಹಸಿರು. ಒಂದೇ ಕಲ್ಲಿನಲ್ಲಿ ಎರಡು ಬಣ್ಣ.

ನಿಮ್ಮ ಅಜ್ಜ ಲಾರಿ ಓಡಿಸುತ್ತಿದ್ದರು. ಚನ್ನಗಿರಿ ಮಂಡಿಯಿಂದ ಅಡಿಕೆ ಚೀಲ ತುಂಬಿಕೊಂಡು ಉತ್ತರದ ಕಡೆ ಹೋದರೆ ತಿಂಗಳಾಗುತ್ತಿತ್ತು ಬರುವುದು. ಒಂದು ಸಲ ಜೈಪುರದ ಕಡೆಯಿಂದ ಬಂದವರು ಬನಿಯನ್ನಿನ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟರು. ಬಿಚ್ಚಿದರೆ ಈ ಕಲ್ಲುಗಳು. ಅಲ್ಲಿ ಕಲ್ಲು ಕೊರೆಯುವವರ ಓಣಿಯಲ್ಲಿ ಲಾರಿ ಕೆಟ್ಟು ನಿಂತಿತ್ತಂತೆ, ಕಾಯುತ್ತಾ ಕೂತವರು ಒಂದೊಂದೇ ಆರಿಸಿದರಂತೆ. ನ್ಯಾಮತಿಯ ಅಕ್ಕಸಾಲಿಗರ ಹತ್ತಿರ ಹೋದೆವು. ಅವರು ಕಲ್ಲು ಹರಡಿ ನೋಡಿ ತಲೆ ಮೇಲೆ ಕೈ ಹೊತ್ತರು.

"ಜೋಡಿ ಅಂದ್ರೆ ಎರಡೂ ಕಿವಿಗೆ ಒಂದೇ ಥರ ಇರ್ಬೇಕು ಕಣಯ್ಯಾ. ಇದನ್ನ ಹೆಂಗೆ ಕೂರಿಸ್ಲಿ?"

"ಎರಡೂ ಕಿವಿ ಒಟ್ಟಿಗೆ ಯಾರು ನೋಡ್ತಾರೆ ಬಿಡ್ರಿ. ಒಂದು ಈ ಕಡೆ, ಒಂದು ಆ ಕಡೆ" ಎಂದರು ನಿಮ್ಮ ಅಜ್ಜ.

ಅವರು ಬದುಕಿರುವ ತನಕ ಹಾಕಿಕೊಂಡೆ. ಅವರು ಹೋದ ಮೇಲೆ ಮನೆಯ ಹಿರಿಯ ಹೆಂಗಸರು, "ಇನ್ನು ಬಣ್ಣದ ಓಲೆ ಯಾಕವ್ವ" ಎಂದರು. ಯಾರೂ ಬಲವಂತ ಮಾಡಲಿಲ್ಲ. ಕೇಳಿದರು, ನಾನು ಬಿಚ್ಚಿದೆ. ಬರಿ ಕಿವಿಗೆ ಸಣ್ಣ ಚಿನ್ನದ ರಿಂಗು ಬಂತು, ಓಲೆ ಬಟ್ಟೆಯಲ್ಲಿ ಸುತ್ತಿಕೊಂಡು ಟ್ರಂಕಿನ ತಳ ಸೇರಿತು.

ಈಗ ಜಗಳೂರಿನ ಕಡೆ ಸೊಕ್ಕೆಗೆ ಕೊಟ್ಟಿರುವ ನನ್ನ ಮಗಳಿಗೆ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಕೂಸು ಹುಟ್ಟಿತು. ಬಾಣಂತನ ನಮ್ಮ ಮನೆಯಲ್ಲೇ ಆಯಿತು, ಅದು ಮುಗಿದ ಮೇಲೆ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಅವರ ಊರಿನಲ್ಲಿ. ತವರಿನಿಂದ ಕೂಸಿನ ಮೈಗೆ ಏನಾದರೂ ಹಾಕಬೇಕು. ಆಗ ನನ್ನ ಮಗ, ನಿಮ್ಮಲ್ಲಿ ಇಬ್ಬರಿಗೆ ಅಪ್ಪ, ಕೂಸಿಗೆ ಮಾವ, ಊಟಕ್ಕೆ ಕೂತವನು ಸಾರು ಕಲಸುತ್ತಾ ಹೇಳಿದ.

"ಅವ್ವ, ಆ ಓಲೆ ಸುಮ್ನೆ ಬಿದ್ದೈತಲ್ಲ. ಅಳಿಸಿ, ಚಿನ್ನ ಕರಗಿಸಿ, ಕೂಸಿಗೆ ಸರ ಮಾಡಿಸಾಣ."

"ಕಲ್ಲು?"

"ಕಲ್ಲಿಗೇನವ್ವ? ಕಲ್ಲು ಕಲ್ಲೇ. ಕಿತ್ತು ಕೊಡ್ತಾರೆ, ಮಕ್ಳು ಆಡ್ಕಂತವೆ."

ನನ್ನ ಮಗನ ಬಗ್ಗೆ ನಿಮಗೆ ಗೊತ್ತಲ್ಲ. ಚನ್ನಗಿರಿಯಲ್ಲಿ ಬೋರ್‌ವೆಲ್ ಮೋಟಾರು ಕಟ್ಟುವ ಅಂಗಡಿ. ಅವನಿಗೆ ಲೋಕದಲ್ಲಿರುವುದೆಲ್ಲ ತೂಕ. ಸುಟ್ಟ ಮೋಟಾರು ಬಂದರೆ ತಾಮ್ರ ಒಂದು ಕಡೆ, ಬಾಡಿ ಒಂದು ಕಡೆ, ಉಳಿದದ್ದು ಕಸದ ಬುಟ್ಟಿಗೆ. ಅವನ ಕಣ್ಣಿಗೆ ನನ್ನ ಓಲೆಯೂ ಸುಟ್ಟ ಮೋಟಾರೇ.

ನನಗೆ ಅದು ಬೇಡ ಎನ್ನಲು ಬಾಯಿ ಬರಲಿಲ್ಲ. ಕೂಸಿಗೆ ಎಂದ ಮೇಲೆ ಬೇಡ ಎನ್ನುವುದು ಹೇಗೆ? ಸುಮ್ಮನೆ, "ಕಲ್ಲಿಗೂ ಬೆಲೆ ಇದ್ರೆ?" ಎಂದೆ. ಆ ಒಂದು ಮಾತು ಆಡದೆ ಇದ್ದಿದ್ದರೆ ಇಷ್ಟು ತಿರುಗಾಟ ತಪ್ಪುತ್ತಿತ್ತು.

"ಬೆಲೆ ಐತೆ ಅಂತ ಗೊತ್ತಿರೋ ಒಬ್ರು ಹೇಳ್ಲಿ, ಅಳಿಸಾಕೆ ಹೋಗಲ್ಲ" ಎಂದ ಮಗ. ಒಪ್ಪಂದ ಹಾಗಾಯಿತು. ಓಲೆ ಉಳಿಯಬೇಕಾದರೆ ಯಾರಾದರೂ ಕಲ್ಲಿನ ಹೆಸರು ಹೇಳಬೇಕು.

ಮೊದಲು ಚನ್ನಗಿರಿಯ ಒಂದು ಆಭರಣದ ಅಂಗಡಿ. ತಣ್ಣಗೆ ಎ.ಸಿ., ಗಾಜಿನ ಬಾಗಿಲು, ಒಳಗೆ ನಗುತ್ತಾ ನಿಂತ ಹುಡುಗಿಯರು. ಮಾಲೀಕರು ಓಲೆಯನ್ನು ಬೆರಳಲ್ಲಿ ತಿರುಗಿಸಿದರು.

"ಇದು ಕೆಂಪಲ್ಲ ಅಮ್ಮಾರೆ."

ನಾನು ಕೆಂಪು ಎಂದಿರಲಿಲ್ಲ.

"ಇದು ಪಚ್ಚೆನೂ ಅಲ್ಲ. ಇದು ಪುಷ್ಯರಾಗ ಅಲ್ಲ. ಇದು ಗೋಮೇದಕ ಅಂತ ಕೊಟ್ಟಿರ್ತಾರೆ, ಆದ್ರೆ ಅಲ್ಲ."

"ಹಂಗಾದ್ರೆ ಏನ್ರಿ?" ಮಗ ಕೇಳಿದ.

"ಏನೂ ಅಲ್ಲ."

ನಡುವಿನ ಕಲ್ಲು ನೋಡಿ ಅವರಿಗೆ ನಗುವೇ ಬಂತು. "ನೋಡ್ರಿ, ಇದಂತೂ ಬಣ್ಣ ಬಿಟ್ಟೈತೆ. ಬಣ್ಣ ಹಾಕಿದ ಗಾಜು, ಬಿಸಿಲಿಗೆ ಅರ್ಧ ತಿರುಗೈತೆ." ಹತ್ತಿಗೆ ಏನೋ ಔಷಧಿ ಅದ್ದಿ ಉಜ್ಜಿದರು. ಹತ್ತಿ ಬೆಳ್ಳಗೇ ಇತ್ತು. ಬಣ್ಣ ಬರಲಿಲ್ಲವಲ್ಲ ಎಂದು ಮಗ ಮುಖ ನೋಡಿದ. "ಹಂಗಾದ್ರೆ ಬಣ್ಣ ಒಳಗೇ ಹಾಕಿದಾರೆ" ಎಂದರು. ಬಂದರೂ ಗಾಜು, ಬರದಿದ್ದರೂ ಗಾಜು! ಆ ಮೇಲೆ ಓಲೆಯನ್ನು ತಕ್ಕಡಿಗೆ ಹಾಕಿ, ಕಲ್ಲಿನ ತೂಕ, ಅರಗಿನ ತೂಕ, ಸವಕಲು ಎಂದು ಕಳೆಯುತ್ತಾ ಹೋದರು. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ನಾವೇ ಅವರಿಗೆ ಕೊಡಬೇಕಾಗುತ್ತಿತ್ತೇನೋ.

ಮನೆಗೆ ಬಂದು ಮಗ ಓಲೆಯನ್ನು ಬಿಸಿಲಿಗಿಟ್ಟು ಮೊಬೈಲಿನಲ್ಲಿ ಫೋಟೊ ಹೊಡೆದ. ಫೋಟೊ ತೋರಿಸಿದರೆ ಯಾವ ವಸ್ತು ಎಂದು ಮೊಬೈಲೇ ಹೇಳುತ್ತದಂತೆ. ಮೊದಲ ಸಲ ಅದು ಪೆಪ್ಪರಮೆಂಟು ಎಂದಿತು. ಹತ್ತಿರದಿಂದ ಹೊಡೆದರೆ ಸೀರೆಗೆ ಹಾಕುವ ಪಿನ್ನು ಎಂದಿತು. ಸೊಸೆ ನಗುತ್ತಾ, "ಅತ್ತೆ, ನಿಮ್ಮ ಕಿವೀಲಿ ಪೆಪ್ಪರಮೆಂಟು ಇತ್ತು ಅಂತ ಮಾವನಿಗೂ ಗೊತ್ತಿರ್ಲಿಲ್ಲ ಬಿಡ್ರಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಕೋಪ ಬಂದಿತ್ತು.

ಓಲೆ ಮಾಡಿದ ಜಾಗದಲ್ಲೇ ಕೇಳೋಣ ಎಂದು ನ್ಯಾಮತಿಗೆ ಹೋದೆವು. ಹಳೆಯ ಅಕ್ಕಸಾಲಿಗರು ಇಲ್ಲ, ಅವರ ಮಗ ಇದ್ದಾರೆ. ಈಗ ಅವರು ಲಿಂಗ ಇಡುವ ಬೆಳ್ಳಿಯ ಕರಡಿಗೆ ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಓಲೆ ನೋಡಿದ ತಕ್ಷಣ ಗುರುತು ಹಿಡಿದರು. "ನಮ್ಮಪ್ಪ ಕೂರಿಸಿದ್ದು. ವಾರ ಪೂರ್ತಿ ಬೈಕಂತ ಕೂರಿಸ್ದ" ಎಂದರು. ಕಲ್ಲಿನ ಬೆಲೆ ಕೇಳಿದರೆ, "ಅದೊಂದು ನನ್ನ ಕೇಳಬ್ಯಾಡ್ರಿ, ಕಲ್ಲಿನ ಸಹವಾಸ ನಮಗೆ ಬ್ಯಾಡ" ಎಂದು ಕೈ ಮುಗಿದರು. ಗೊತ್ತಿಲ್ಲ ಎಂದು ನೇರವಾಗಿ ಹೇಳಿದ ಒಬ್ಬರು ಅವರೇ.

ಗೊತ್ತಿಲ್ಲದವರು ಸುಮ್ಮನಿದ್ದರೂ ಪಕ್ಕದಲ್ಲಿ ಕೂತವರು ಸುಮ್ಮನಿರಬೇಕಲ್ಲ! ಸೂರಗೊಂಡನಕೊಪ್ಪಕ್ಕೆ ಹೊರಟಿದ್ದ ಯಾರೋ ಯಜಮಾನರು, ಕೈಯ ನಾಲ್ಕು ಬೆರಳಿಗೆ ನಾಲ್ಕು ಉಂಗುರ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಅಲ್ಲಿ ಕೂತಿದ್ದರು. ಕೈ ಚಾಚಿ ಓಲೆ ಇಸಕೊಂಡರು.

"ಒಂದೊಂದು ಬಣ್ಣ ಒಂದೊಂದು ಗ್ರಹಕ್ಕೆ. ಇಲ್ಲಿ ಎಲ್ಲ ಕಲೆಸಿಬಿಟ್ಟಾರೆ. ಇದನ್ನ ಹಾಕ್ಕಂಡ್ರೆ ಗ್ರಹಗಳೇ ಜಗಳಾಡ್ತವೆ."

"ಹದಿನಾಲ್ಕು ಬಣ್ಣ ಐತಲ್ರಿ, ಗ್ರಹ ಇರೋದು ಒಂಬತ್ತು" ಎಂದ ನನ್ನ ಮಗ.

"ಅದಕ್ಕೇ ಹೇಳಿದ್ದು, ಸರಿಯಿಲ್ಲ ಅಂತ" ಎಂದರು ಆ ಯಜಮಾನರು ಸ್ವಲ್ಪವೂ ಅಳುಕದೆ. ಹಾಲಿನಲ್ಲಿ ಹಾಕಿ ನೋಡಿ, ನಿಜವಾದ ಕಲ್ಲಾದರೆ ಹಾಲಿನ ಬಣ್ಣ ತಿರುಗುತ್ತದೆ ಎಂಬ ಬುದ್ಧಿಯನ್ನೂ ಹೇಳಿ ಬಸ್ಸಿಗೆ ಹೋದರು. ಮನೆಗೆ ಬಂದು ನನ್ನ ಮಗ ಅದನ್ನೂ ಮಾಡಿದ. ಹಾಲು ಬೆಳ್ಳಗೇ ಇತ್ತು. ಆ ಹಾಲನ್ನು ಬೆಕ್ಕಿಗೆ ಹಾಕಿ, ಓಲೆ ತೊಳೆದಿಟ್ಟೆ. "ಆಯ್ತಲ್ಲವ್ವ, ಇನ್ನೇನು?" ಎಂದ ಮಗ. ಅಂದರೆ ಅಳಿಸುವುದೇ. ಶಾಸ್ತ್ರದ ದಿನ ಹತ್ತಿರ ಬರುತ್ತಿತ್ತು.

ನಾನು ಬಾಯಿ ಬಿಟ್ಟು ಕೇಳಿದ್ದು ಅವತ್ತು. "ಹೊನ್ನಾಳೀಲಿ ಒಬ್ಬ ಸೇಠು ಇದ್ದಾರಂತೆ, ಅವರ ಕಡೆಯೋರು ಜೈಪುರದವ್ರಂತೆ. ಅದೊಂದು ನೋಡಾಣ" ಎಂದೆ. ನನಗೆ ಇದನ್ನು ಹೇಳಿದ್ದು ನಮ್ಮ ಬೀದಿಯ ಕೊನೆಯ ಮನೆಯವಳು. ಮಗ ಗೊಣಗುತ್ತಾ ಬೈಕು ತೆಗೆದ.

ಸೇಠರ ಅಂಗಡಿ ಸಣ್ಣದು, ಗಾದಿ ಮೇಲೆ ಕೂರುವಂಥದ್ದು. ಅವರು ಹುಟ್ಟಿದ್ದು ಹೊನ್ನಾಳಿಯಲ್ಲೇ, ಕನ್ನಡ ನಮ್ಮದೇ. ಓಲೆ ಕೈಗೆ ತೆಗೆದುಕೊಂಡರು. ಕಣ್ಣಿಗೆ ಭೂತಗನ್ನಡಿ ಹಚ್ಚಿ ಒಂದೊಂದೇ ಕಲ್ಲನ್ನು ನೋಡಿದರು. ಓಲೆಯನ್ನು ಆ ಕಡೆ ಓರೆ ಮಾಡಿದರು, ಈ ಕಡೆ ಓರೆ ಮಾಡಿದರು. ನನಗೂ ತೋರಿಸಿದರು. ಒಂದು ಕಡೆಯಿಂದ ತಿಳಿಯಾಗಿ ಕಾಣುವ ಹಸಿರು, ಇನ್ನೊಂದು ಕಡೆಯಿಂದ ಗಾಢವಾಗಿ ಕಾಣುತ್ತಿತ್ತು. ಆಮೇಲೆ ಕೇಳಿದರು:

"ಯಾರು ಹಾಕ್ಕಂತಿದ್ರು ಇದನ್ನ?"

ಮಗ ನನ್ನ ಕಡೆ ಕೈ ತೋರಿಸಿದ.

"ಅಮ್ಮಾರೆ, ಒಲೆ ಮುಂದೆ ಕೂತಾಗ ಇದಕ್ಕೆ ಧೂಳು, ಬೂದಿ ಬಾಳ ಹಿಡೀತಿತ್ತಾ?"

ನಾನು ಏನು ಹೇಳಲಿ! ಹಿಡಿಯುತ್ತಿತ್ತೇ ಎಂದು ಕೇಳುತ್ತಾರಲ್ಲ! ಮಕ್ಕಳೇ, ನನ್ನ ಅತ್ತೆ, ಅಂದರೆ ನಿಮ್ಮ ಅಜ್ಜನ ತಾಯಿ, ಬದುಕಿರುವಷ್ಟು ಕಾಲ ದಿನ ಬಿಟ್ಟು ದಿನ ನನಗೆ ಬೈದದ್ದು ಅದೊಂದಕ್ಕೇ. ರೊಟ್ಟಿ ಸುಟ್ಟು ಎದ್ದರೆ ಓಲೆಯ ಮೇಲೆ ಬೂದಿಯ ಪುಡಿ. ಒರೆಸಿದರೆ ಹೋಗುತ್ತಿತ್ತು, ಮತ್ತೆ ಒಲೆ ಮುಂದೆ ಕೂತು ಎದ್ದರೆ ಮತ್ತೆ ಬೂದಿ. "ಎಂಥ ಹೊಲಸು ಹೆಂಗ್ಸನ್ನ ತಂದ್ಯಪ್ಪ, ಕಿವಿ ತೊಳ್ಕಳಾಕೂ ಬರಲ್ಲ ಇವಳಿಗೆ" ಎಂದು ಬೀಗರ ಮುಂದೆ, ನೆರೆಯವರ ಮುಂದೆ. ಸೀಗೆಪುಡಿ ಹಾಕಿ ತಿಕ್ಕಿದ್ದೆಷ್ಟು, ಹಳೇ ಬ್ರಷ್ಷಿನಲ್ಲಿ ಉಜ್ಜಿದ್ದೆಷ್ಟು!

"ಹಿಡೀತಿತ್ತು" ಎಂದೆ. ಅಷ್ಟೇ ಹೊರಟಿದ್ದು ಬಾಯಿಂದ.

ಸೇಠರು ಮೇಜಿನ ದೀಪದ ಕೆಳಗೆ ಓಲೆಯನ್ನು ಸ್ವಲ್ಪ ಹೊತ್ತು ಇಟ್ಟು ಬೆಚ್ಚಗೆ ಮಾಡಿದರು. ಆರಲು ಬಿಟ್ಟು, ದೇವರ ಪಟದ ಮುಂದೆ ಉದುರಿದ್ದ ಊದುಬತ್ತಿಯ ಬೂದಿಯ ಹತ್ತಿರ ಹಿಡಿದರು. ಬೂದಿಯ ಸಣ್ಣ ಎಸಳುಗಳು ತಾವಾಗಿಯೇ ಮೇಲೆದ್ದು ಕಲ್ಲಿಗೆ ಅಂಟಿಕೊಂಡವು.

"ಇದು ಈ ಕಲ್ಲಿನ ಗುಣ. ಶಾಖ ತಾಗಿದ್ರೆ ಬೂದಿ ಎಳ್ಕಂತದೆ. ಇದೊಂದರ ಮೇಲೆ ನಾನು ಹೇಳಲ್ಲ, ಭೂತಗನ್ನಡೀಲೂ ನೋಡೀನಿ. ಇದು ತುರ್ಮಲಿ. ಇಂಗ್ಲಿಷ್‌ನೋರು ಟೂರ್ಮಲಿನ್ ಅಂತಾರೆ. ಹದಿನಾಲ್ಕೂ ಅದೇ."

"ಹದಿನಾಲ್ಕು ಬಣ್ಣ ಐತಲ್ರಿ?" ಮಗ.

"ಅದಕ್ಕೆ ಒಂದು ಬಣ್ಣ ಅಂತ ಇಲ್ಲ ಯಜಮಾನ್ರೆ. ಎಲ್ಲ ಬಣ್ಣದಾಗೂ ಹುಟ್ಟತದೆ. ಕೆಲವು ಕಲ್ಲು ಎರಡು ಬಣ್ಣದಾಗೆ ಒಟ್ಟಿಗೆ ಬೆಳೀತವೆ, ಕಲ್ಲಂಗಡಿ ಹಣ್ಣು ಇಲ್ವ, ಆ ಥರ."

ಬೆಲೆ ಎಷ್ಟು ಎಂದು ಮಗ ಕೇಳಿದ್ದಕ್ಕೆ ಸೇಠರು ಈ ಕಲ್ಲಿನ ಬೆಲೆ ಕಟ್ಟುವುದು ಹೇಗೆ ಎಂದು ಮೊದಲು ವಿವರಿಸಿದರು. ಅದನ್ನು ನಿಮಗೂ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. ಬಣ್ಣ ಕೊಳೆಯಾಗಿರಬಾರದು, ಬೆಳಕಿಗೆ ಹಿಡಿದರೆ ಬೆಳಗಬೇಕು. ಕಂದು ತಿರುಗಿದ್ದಕ್ಕೆ ಬೆಲೆ ಕಡಿಮೆ. ಒಳಗೆ ಕೂದಲಿನಂಥ ಗೆರೆ ಸ್ವಲ್ಪ ಇದ್ದರೆ ತಪ್ಪಿಲ್ಲ, ಈ ಕಲ್ಲಿನಲ್ಲಿ ಅದು ಸಹಜ. ಮೇಲ್ಮೈಗೆ ಬರುವ ಬಿರುಕು ಇರಬಾರದು. ಎರಡು ಬಣ್ಣದ ಕಲ್ಲಾದರೆ, ಎರಡು ಬಣ್ಣ ಸೇರುವ ಗೆರೆಯನ್ನು ನೋಡಬೇಕು. ಹೊಲದ ಬದುವಿನ ಹಾಗೆ ಗೆರೆ ಸ್ಪಷ್ಟವಾಗಿದ್ದು ಎರಡು ಕಡೆಯೂ ತಿಳಿಯಾಗಿದ್ದರೆ ಒಳ್ಳೆಯದು, ಸೇರುವಲ್ಲಿ ಕಲಕಿದ ಹಾಗಿದ್ದರೆ ಇಲ್ಲ. ನಮ್ಮ ಓಲೆಯ ನಡುವಿನ ಎರಡು ಕಲ್ಲುಗಳ ಗೆರೆ ಚೆನ್ನಾಗಿತ್ತಂತೆ. ಸುತ್ತಲಿನವು ಕೆಲವು ಒಳ್ಳೆಯವು, ಕೆಲವು ಸಾಧಾರಣ, ಕಾಫಿ ಬಣ್ಣದ್ದು ಏನಕ್ಕೂ ಬಾರದ್ದು.

"ಬಿಡಿಬಿಡಿಯಾಗಿ ಮಾರಿದ್ರೆ ನಿಮಗೆ ಬೇಜಾರಾಗತದೆ, ಅಷ್ಟು ಕಮ್ಮಿ ಬರ್ತದೆ. ಜೋಡಿಯಾಗಿ ಇಟ್ರೆ, ಬೇಕು ಅನ್ನೋರು ಸಿಕ್ಕಿದ್ರೆ, ಒಳ್ಳೇ ಬೆಲೆ. ಆರಿಸಿದೋರಿಗೆ ಕಣ್ಣಿತ್ತು" ಎಂದರು. ಆಮೇಲೆ ನನ್ನ ಮಗನಿಗೆ ಒಂದು ಎಚ್ಚರಿಕೆ ಕೊಟ್ಟರು. "ಅಳಿಸಾಕೆ ಅಂತ ಕೀಳಿಸಬ್ಯಾಡ್ರಿ. ಎರಡು ಬಣ್ಣ ಸೇರೋ ಕಡೆ ಕಲ್ಲು ನಾಜೂಕು. ಚಿಮಟ ಹಾಕಿ ಎಬ್ಬಿಸಿದ್ರೆ ಅಲ್ಲೇ ಬಿಟ್ಕಳತದೆ."

ನನ್ನ ಎದೆಯ ಮೇಲಿನ ಭಾರ ಇಳಿಯಿತು ಎಂದುಕೊಂಡೆ. ಹೆಸರು ಸಿಕ್ಕಿತು, ಮಾತಿನಂತೆ ಓಲೆ ಉಳಿಯಿತು. ಸೂಳೆಕೆರೆಯ ಏರಿ ದಾಟುವಾಗ ಗಾಳಿಗೆ ಸೆರಗು ಹಿಡಿದುಕೊಂಡು, ಅಷ್ಟೂ ವರ್ಷದ ಬೈಗುಳಕ್ಕೆ ಅತ್ತೆಗೆ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡು ಬಂದೆ.

ಮನೆ ಮುಟ್ಟಿ ನೀರು ಕುಡಿಯುವ ಮೊದಲೇ ಮಗ ತಂಗಿಗೆ ಫೋನು ಮಾಡಿದ. ಸ್ಪೀಕರಿಗೆ ಹಾಕಿದ್ದ. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.

"ಅಲ್ಲ ಕಣೇ, ನಿಜವಾದ ಕಲ್ಲಂತೆ."

"ಹೌದಾ! ಹಂಗಾದ್ರೆ ಅಳಿಸಬ್ಯಾಡ ಅಣ್ಣ."

"ಅಳಿಸಲ್ಲ. ಆದ್ರೆ ಬೆಲೆ ಐತೆ ಅಂದ್ಮೇಲೆ ಇಬ್ರಿಗೂ ಸಮ ಬರ್ಬೇಕಲ್ಲ. ನಾಳೆ ಮಾತು ಬರಬಾರ್ದು. ನಿನಗೊಂದು, ನಮಗೊಂದು."

"ಒಂದೊಂದು ಓಲೆನಾ?"

"ಹ್ಞೂಂ. ನೀನು ಕೊರಳಿಗೆ ಡಾಲರ್ ಮಾಡಿಸ್ಕ. ಇವಳು ಉಂಗುರ ಮಾಡಿಸ್ಕಂತಾಳೆ."

"ನನಗೆ ಹಸಿರು ಜಾಸ್ತಿ ಇರೋದು ಕೊಡ್ರಿ ಮತ್ತೆ" ಎಂದಳು ಮಗಳು. ಒಳಗಿಂದ ಸೊಸೆ, "ಗುಲಾಬಿ ನಂಗಿರ್ಲಿ" ಎಂದಳು. ಅಲ್ಲಿಗೆ ಮುಗಿಯಿತು. ಮೂರು ಜನರೂ ಎಷ್ಟು ಸಂತೋಷವಾಗಿದ್ದರೆಂದರೆ ಜಗಳಕ್ಕೂ ಅವಕಾಶವಿರಲಿಲ್ಲ.

ನಾನು ಅವರೆಕಾಯಿ ಕೆಳಗಿಟ್ಟೆ. "ಮಾತು ಕೊಟ್ಟಿದ್ದೆಯಲ್ಲಪ್ಪ" ಎಂದೆ.

"ಅಳಿಸಲ್ಲ ಅಂದಿದ್ದೆ ಅವ್ವ. ಹಂಚಲ್ಲ ಅಂದಿರ್ಲಿಲ್ಲ."

ಇಂಥ ಬುದ್ಧಿಯನ್ನು ಮೋಟಾರು ಕಟ್ಟುವುದರಲ್ಲಿ ಕಳೆಯುತ್ತಿದ್ದಾನಲ್ಲ ಎನಿಸಿತು. ಮೊದಲು ಅದು ಗಾಜು ಎಂದು ಮುರಿಯಲು ಹೊರಟರು, ಈಗ ಅದು ರತ್ನ ಎಂದು ಮುರಿಯಲು ಹೊರಟರು. ಡಾಲರ್ ಮಾಡಲು, ಉಂಗುರ ಮಾಡಲು ಕಲ್ಲು ಕೀಳಲೇಬೇಕು. ಸೇಠರು ಬಿಟ್ಟುಕೊಳ್ಳುತ್ತದೆ ಎಂದದ್ದು ಇವನ ಕಿವಿಗೆ ಬಿದ್ದೇ ಇರಲಿಲ್ಲ. ಚನ್ನಗಿರಿಯವರನ್ನು ಕೇಳಿದರು, ನ್ಯಾಮತಿಯವರನ್ನು ಕೇಳಿದರು, ಬಸ್ಸಿಗೆ ಕಾಯುವವರನ್ನು ಕೇಳಿದರು, ಬೆಕ್ಕಿನ ಹಾಲನ್ನು ಕೇಳಿದರು. ಓಲೆ ಯಾರದೋ ಅವಳನ್ನು ಕೇಳಲಿಲ್ಲ. ನಾನಾದರೂ ಹೇಳಬಹುದಿತ್ತು ಎನ್ನುತ್ತೀರಿ. ಹೇಳಲು ಹೊರಡುವಷ್ಟರಲ್ಲಿ ಅವರೇ ಮಾತು ಮುಗಿಸಿಬಿಟ್ಟಿರುತ್ತಾರೆ, ಏನು ಮಾಡಲಿ.

ಕೂಸಿಗೆ ಬೆಳ್ಳಿಯ ಉಡಿದಾರ, ಕೈಗೆ ಕಡಗ ಹೊಸದಾಗಿಯೇ ತಂದರು. ಅದನ್ನು ಮೊದಲ ದಿನವೇ ಮಾಡಬಹುದಿತ್ತು. ಓಲೆಯನ್ನು ಸೊಕ್ಕೆಯಲ್ಲೇ, ಶಾಸ್ತ್ರ ಮುಗಿದ ಮೇಲೆ, ಒಬ್ಬರಿಗೊಂದರಂತೆ ಹಂಚುವುದು ಎಂದಾಯಿತು. ಬಟ್ಟೆಯ ಗಂಟು ನನ್ನ ಚೀಲದಲ್ಲೇ ಇತ್ತು.

ಸೊಕ್ಕೆಯಲ್ಲಿ ಬೆಳಿಗ್ಗೆ ಸ್ನಾನ ಮಾಡಿ, ಒಳಕೋಣೆಯಲ್ಲಿ ಗೋಡೆಗೆ ಸಿಕ್ಕಿಸಿದ್ದ ಸಣ್ಣ ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದೆ. ಹೊರಗೆ ಮಗ ತಂಗಿಗೆ, "ಮುಗಿದ ತಕ್ಷಣ ಕೊಟ್ಬಿಡ್ತೀನಿ, ಸಂಜೆ ಹೊರಡ್ಬೇಕು" ಎನ್ನುತ್ತಿದ್ದ. ಗಂಟು ಬಿಚ್ಚಿದೆ. ರಿಂಗು ತೆಗೆದೆ. ಬಲಗಿವಿಗೆ ಓಲೆ ಸಲೀಸಾಗಿ ಹೋಯಿತು, ತಿರುಪು ತಿರುವಿದೆ. ಎಡಗಿವಿಯ ತೂತು ಕಿರಿದಾಗಿಬಿಟ್ಟಿತ್ತು. ಬೆಂಡೋಲೆಯ ಕಡ್ಡಿ ದಪ್ಪ, ಒಳಗೆ ಹೋಗಲೊಲ್ಲದು. ನೋವಿಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮಗಳ ಅತ್ತೆ ತಟ್ಟೆ ತೆಗೆದುಕೊಳ್ಳಲು ಒಳಗೆ ಬಂದರು. ನನ್ನನ್ನು ನೋಡಿದರು, ಒಂದು ಕಿವಿಯ ಓಲೆ ನೋಡಿದರು. ನಾನು ನೆಲ ನೋಡಿದೆ.

"ಎಡಗಡೆದು ಹೋಗವಲ್ದಾ ಬೀಗ್ತೀರೆ?"

"ಇಲ್ಲ."

ಅವರು ಕೊಬ್ಬರಿ ಎಣ್ಣೆಯ ಬಾಟಲಿ ತಂದು ಎರಡು ಹನಿ ಕಿವಿಗೆ ಹಚ್ಚಿ ತಿಕ್ಕಿದರು. "ಉಸಿರು ಹಿಡೀರಿ. ಕೂಗಿದ್ರೆ ಕೂಸು ಏಳತದೆ" ಎಂದು ಒಂದೇ ಸಲಕ್ಕೆ ಒತ್ತಿದರು. ಜೀವ ಹೋಗಿ ಬಂದ ಹಾಗಾಯಿತು. ಹಿಂದಿನಿಂದ ತಿರುಪು ಹಾಕಿ, ದೂರ ನಿಂತು ನೋಡಿ, "ಇದೇನ್ರಿ, ಒಂದಕ್ಕೊಂದು ಹೊಂದಾಣಿಕೆನೇ ಇಲ್ಲ! ಆದ್ರೂ ಚಂದ ಐತೆ, ಬರ್ರಿ" ಎಂದು ಹೊರಗೆ ಕರೆದುಕೊಂಡು ಹೋದರು.

ಹೊರಗೆ ಹೆಂಗಸರು ತೊಟ್ಟಿಲ ಸುತ್ತ ಕೂತಿದ್ದರು. ಇಬ್ಬರು ಮೂವರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡ ಇಲ್ಲದವಳ ಕಿವಿಯಲ್ಲಿ ಇಷ್ಟು ಬಣ್ಣ ಎಂದಿರಬೇಕು. ಸೆರಗು ತಲೆ ಮೇಲೆ ಎಳೆದುಕೊಳ್ಳೋಣ ಎಂದು ಕೈ ಎತ್ತಿದೆ. ಎತ್ತಿದ ಕೈ ಇಳಿಸಿದೆ. ಕಾಣಲಿ ಎಂದೇ ಹಾಕಿಕೊಂಡದ್ದು.

ಮಗ ಬಂದ. "ಅವ್ವ, ಅದು..."

"ಏನು?"

"ಏನಿಲ್ಲ."

ಬೀಗರ ಮನೆಯಲ್ಲಿ, ಅಷ್ಟು ಜನರ ಎದುರು, ಹೆತ್ತ ತಾಯಿಯ ಕಿವಿಯಿಂದ ಓಲೆ ಬಿಚ್ಚಿ ಕೊಡು ಎನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ? ಮಗಳೂ ನೋಡಿದಳು, ನೋಡಿ ತೊಟ್ಟಿಲ ಕಡೆ ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ನಾನು ಜಗಳ ಗೆದ್ದದ್ದು, ಅದೂ ಒಂದೇ ಮಾತಿನಲ್ಲಿ.

ಸಂಜೆ ಹೊರಡುವಾಗ ಮಗ ಮತ್ತೆ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಕೇಳಿದ: "ಮಲಗೋವಾಗಾರ ಬಿಚ್ತೀಯೇನವ್ವ?"

"ಇಲ್ಲ" ಎಂದೆ.

ಎಡಗಿವಿ ಊದಿಕೊಂಡಿದೆ. ಅರಿಶಿನ ಹಚ್ಚುತ್ತಿದ್ದೇನೆ. ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ನನ್ನ ನಂತರ ಇದು ನಿಮ್ಮಲ್ಲಿ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುವವರಿಗೆ. ಬೇರೆಯವರು ಬೇಕಾದಾಗ ಕೇಳಿ ಇಸಕೊಂಡು ಹಾಕಿಕೊಳ್ಳಿ, ತಿರುಗಿ ಕೊಡಿ. ಒಲೆ ಮುಂದೆ ಕೂತರೆ ಬೂದಿ ಹಿಡಿಯುತ್ತದೆ, ಅದಕ್ಕೆ ಯಾರೂ ಯಾರನ್ನೂ ಬೈಯಬೇಡಿ.